ಚೆಂಡು ಬಂದರೆ ಅವನಿಗೆ ಕೊಡು

ತಲೆ ತಗ್ಗಿಸುವಂಥ ಪ್ರಸಂಗಗಳಿಗೆ ನನ್ನ ಮನೆಯ ದಾರಿ ಹೇಗೋ ಗೊತ್ತಾಗಿಬಿಡುತ್ತದೆ. ಪ್ರವಾಸಿಗರನ್ನು ಕಟ್ಟಿಕೊಂಡು ದೇಶ ದೇಶ ತಿರುಗುವುದು ನನ್ನ ಕಸುಬು. ಎಷ್ಟೋ ಪರದೇಶದ ಊರುಗಳಲ್ಲಿ ನಾಚಿಕೆಯಿಂದ ಕೆಂಪಾಗಿದ್ದೇನೆ. ಆದರೆ ಅಲ್ಲಿ ಮಾರನೆಯ ದಿನ ಬೇರೆ ಊರಿಗೆ ಹೋಗಿಬಿಡಬಹುದಿತ್ತು. ಈಗ ಕೆಲವು ವರ್ಷಗಳಿಂದ ಆನೆಗೊಂದಿ ಕಡೆ ಬರುವ ವಿದೇಶಿಯರಿಗೆ ಹೊಳೆ, ಬೆಟ್ಟ ತೋರಿಸಿಕೊಂಡು ಗಂಗಾವತಿಯಲ್ಲಿದ್ದೇನೆ. ಇಲ್ಲಿ ನಾಚಿಕೆಪಟ್ಟರೆ ಮಾರನೆಯ ದಿನ ಅದೇ ಜನರ ನಡುವೆ ಕಾಯಿಪಲ್ಯ ಕೊಳ್ಳಬೇಕು. ಊರ ಫುಟ್‌ಬಾಲ್ ಟೀಮಿನವರ ಕಣ್ಣಿಗೆ ಬಿದ್ದ ಮೇಲಂತೂ ಕಾಯಿಪಲ್ಯ ತರಲು ಬೇರೆಯವರನ್ನೇ ಕಳಿಸುತ್ತಿದ್ದೇನೆ.

ಒಬ್ಬ ಫಾರಿನ್ನಾಂವ ಬೇಕಾಗ್ಯಾನ

ಟೀಮಿನ ಅಧ್ಯಕ್ಷರು ಗೊಬ್ಬರದ ಅಂಗಡಿ ಸಾವ್ಕಾರ್ರು. ಒಂದು ಮುಂಜಾನೆ ಬಂದು ಪಡಸಾಲೆಯಲ್ಲಿ ಕೂತರು.

"ಮ್ಯಾಡಮ್ಮಾರ, ಕಾರಟಗಿಯವ್ರು ಫಾರಿನ್ನಾಂವನ್ನ ಆಡಸ್ತಾರಂತ ಸುದ್ದಿ. ರೈಸ್ ಮಿಲ್ಲಿನ ಮಂದಿ, ಅವರಿಗೇನ್ರಿ! ಈಗ ನಮ್ಮ ಮರ್ಯಾದಿ ಪ್ರಶ್ನಿ. ನಿಮ್ಮ ಹತ್ರ ಯಾರರ ಅದಾರೇನು?"

ಹೆಪ್ಪು ಹಾಕಲು ಒಂದು ಚಮಚ ಮೊಸರು ಕೇಳುವ ಹಾಗೆ ಕೇಳಿದರು. ಆ ವಾರ ನನ್ನ ಬಳಿ ಇದ್ದವನು ಒಬ್ಬನೇ, ಬಂಡೆ ಹತ್ತಲು ಬಂದ ಜರ್ಮನಿಯವನು. ಅವನನ್ನು ಕರೆದು ಕೇಳಿದೆ. ಹುಟ್ಟಿದಾಗಿನಿಂದ ಚೆಂಡು ಒದ್ದಿಲ್ಲ, ಆ ಆಟ ನೋಡಿದರೆ ನಿದ್ದೆ ಬರುತ್ತದೆ ಎಂದ. ಅದನ್ನು ಹಾಗೆಯೇ ಕನ್ನಡದಲ್ಲಿ ಹೇಳಿದೆ.

"ದೊಡ್ಡ ಆಟಗಾರ್ರು ಹಂಗ ಅಂತಾರ್ರಿ. ಸೊಕ್ಕು ಇರಂಗಿಲ್ಲ ಅವರಿಗೆ" ಎಂದು ಸಾವ್ಕಾರ್ರು ಕೈ ಮುಗಿದರು.

ಕಾರಟಗಿಯವರ ಫಾರಿನ್ನಾಂವ ಬರೀ ಸುದ್ದಿಯಾಗಿಯೇ ಉಳಿದಿದ್ದ. ನಮ್ಮವನು ಮಾತ್ರ ಮರಳಿ ಎಂಬ ಊರಿನ ಮೈದಾನದಲ್ಲಿ ಎತ್ತರವಾಗಿ ನಿಂತ. ಅವನನ್ನು ಕಂಡು ಎದುರಿನವರಿಗೆ ನಡುಕ ಬಂತು. ನಾಲ್ಕು ಜನ ಅವನನ್ನು ಸುತ್ತುಗಟ್ಟಿದರು. ಸ್ವಲ್ಪ ಹೊತ್ತಿಗೆ ಅವನಿಗೆ ಬೇಸರವಾಯಿತು. ಮೈದಾನದ ಅಂಚಿನಲ್ಲಿ ಒಂದು ಒಳ್ಳೆಯ ಬಂಡೆ ಕಂಡಿತು, ನೋಡಲು ಹೋದ. ನಾಲ್ಕೂ ಜನ ಹಿಂದೆಯೇ ಹೋದರು. ಇತ್ತ ಗೋಲಿನ ಮುಂದೆ ಬಯಲು. ನಮ್ಮ ಟೀಮಿನಲ್ಲಿ ಮುಂದೆ ಆಡುವ ಹುಡುಗ, ಟಂಟಂ ರಿಕ್ಷಾ ಓಡಿಸುವವನು, ಚೆಂಡು ತಂದು ಎಂಥ ಏಟು ಹೊಡೆದನೆಂದರೆ ಬಲೆ ಹರಿಯಿತು.

ಶಾಲು, ಹಾರ, ಸೋನಾ ಮಸೂರಿ ಅಕ್ಕಿ ಚೀಲ ಎಲ್ಲ ಜರ್ಮನಿಯವನಿಗೆ. ಟಂಟಂ ಹುಡುಗ ಆ ಚೀಲ ಹೊತ್ತು ಗಾಡಿಗೆ ಹಾಕಿದ.

"ನಾನು ಮಾಡಿದ್ದೇನು?" ಎಂದು ಜರ್ಮನಿಯವನು ದಾರಿಯಲ್ಲಿ ಕೇಳಿದ.

"ಬಂಡೆ ನೋಡಿದೆ" ಎಂದೆ. ಬೇರೆ ಏನು ಹೇಳಲಿ?

ಬಸ್ಸಿನ ಹೊತ್ತಾತು

ಆ ಗೆಲುವಿನಿಂದ ಸಾವ್ಕಾರ್ರಿಗೆ ರುಚಿ ಹತ್ತಿತು. ಈ ಸಲ ಆಟ ಬರುವವನನ್ನೇ ತಂದರು. ಘಾನಾ ದೇಶದವನು, ಧಾರವಾಡದಲ್ಲಿ ಬೀಜಗಳ ಬಗ್ಗೆ ಓದುತ್ತಿದ್ದ. ಆಟಕ್ಕೆ ಆಟ, ಗುಣಕ್ಕೆ ಗುಣ. ಬಂದ ದಿನವೇ ಟಂಟಂ ಹುಡುಗನ ಏಟು ನೋಡಿ, "ಇವನಿದ್ದಾನಲ್ಲ, ನಾನ್ಯಾಕೆ? ಬೇಕಾದರೆ ಇವರಿಗೆಲ್ಲ ಕಲಿಸಿಕೊಡುತ್ತೇನೆ" ಎಂದ. ನಾನು ಖುಷಿಯಿಂದ ಸಾವ್ಕಾರ್ರಿಗೆ ಹೇಳಿದೆ.

"ಕಲಸಾಕ ಕರಸಿಲ್ರಿ, ಹೊಡ್ಯಾಕ ಕರಸೀವಿ" ಎಂದವರೇ ಹುಡುಗನ ಕಡೆ ತಿರುಗಿದರು. "ಏ ತಮ್ಮಾ, ನೀ ಇನ್ನ ಮ್ಯಾಲ ಹಿಂದ ನಿಲ್ಲು. ಚೆಂಡು ಬಂತಂದ್ರ ಅವಂಗ ಕೊಡು. ಅಷ್ಟ ನಿನ್ನ ಕೆಲಸ."

"ಸಾವ್ಕಾರ್ರ, ನಾ ಸಾಲ್ಯಾಗ ಇದ್ದಾಗಿಂದ ಮುಂದ ಆಡಾಂವ್ರಿ. ರಾಜ್ಯದ ಟೀಮಿಗೆ ಆರಿಸೋದು ಈ ವರ್ಷ ಐತಿ. ವಯಸ್ಸು ನೋಡಿದ್ರ ನನಗ ಇದ ಕಡೀ ಅವಕಾಶ."

"ಆವಾಗ ಮುಂದ ಆಡುವಂತಿ. ಈಗ ನಾವು ಗೆಲ್ಲೋ ಕಪ್ಪಿನ ವಿಚಾರ ಮಾಡು."

ಯಲಬುರ್ಗಾದವರು ಸುಮ್ಮನಿರುತ್ತಾರೆಯೇ? ಅವರೂ ಅದೇ ದೇಶದ ಇನ್ನೊಬ್ಬನನ್ನು ತಂದರು. ಎರಡೂ ಟೀಮು ಎದುರಾದ ದಿನ ನೋಡಿದರೆ, ಇಬ್ಬರೂ ಧಾರವಾಡದ ಒಂದೇ ಹಾಸ್ಟೆಲಿನವರು, ಒಂದೇ ಕೋಣೆಯವರು! ನಮ್ಮವರು ಚೆಂಡು ಸಿಕ್ಕಿದ ಕೂಡಲೇ ನಮ್ಮ ಘಾನಾದವನಿಗೆ, ಅವರು ಸಿಕ್ಕಿದ ಕೂಡಲೇ ತಮ್ಮವನಿಗೆ. ಪಾಸು ಕೊಟ್ಟು ಸೊಂಟದ ಮೇಲೆ ಕೈ ಇಟ್ಟು ನಿಲ್ಲುವುದು. ಕರಿ ಎರೆಮಣ್ಣಿನ ಧೂಳಿನಲ್ಲಿ ಇಬ್ಬರು ಓಡುತ್ತಿದ್ದರು, ಉಳಿದವರೆಲ್ಲ ಟಿಕೆಟ್ ಇಲ್ಲದೆ ಒಳಗೆ ಬಂದ ಪ್ರೇಕ್ಷಕರು. ನಡುವೆ ಆ ಇಬ್ಬರೂ ತಮ್ಮ ಭಾಷೆಯಲ್ಲಿ ಏನೋ ಮಾತಾಡಿಕೊಂಡರು. ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳುತ್ತಿದ್ದರಂತೆ. ಜನ ಅದನ್ನು ಭಾರೀ ತಂತ್ರ ಎಂದುಕೊಂಡು ಸಿಳ್ಳೆ ಹಾಕಿದರು.

ಆಟ ಸಮ ಇತ್ತು. ಇನ್ನೂ ಸಮಯ ಉಳಿದಿತ್ತು. ಅಷ್ಟರಲ್ಲಿ ಮೈಕಿನವನು ಕೂಗಿದ: "ಯಲಬುರ್ಗಾದ ಹುಲಿ, ಗಂಗಾವತಿಯ ಸಿಂಹ, ಇಬ್ಬರೂ ಹುಬ್ಬಳ್ಳಿ ಬಸ್ಸಿಗೆ ಹೋಗೋರದಾರ. ಬಸ್ ಸ್ಟ್ಯಾಂಡಿಗೆ ಬಂದು ನಿಂತೈತಂತ. ರೆಫ್ರಿ ಸರ್, ಲಗೂನ ಸೀಟಿ ಊದ್ರಿ!"

ರೆಫ್ರಿ ಊದಿಬಿಟ್ಟ. ಹುಲಿ, ಸಿಂಹ ಒಂದೇ ಸೀಟಿನಲ್ಲಿ ಕೂತು ನಮಗೆ ಕೈ ಬೀಸಿದವು.

ಕುಷ್ಟಗಿಯಲ್ಲಿ ದೇಶದ ಚಿಂತೆ

ಕುಷ್ಟಗಿಯಲ್ಲಿ ಗೆದ್ದ ಸಂಜೆ ಎಲ್ಲರೂ ಮಿರ್ಚಿ, ಮಂಡಕ್ಕಿ ತಿನ್ನಲು ಕೂತಿದ್ದೆವು. ಅಂಗಡಿಯ ಟೀವಿಯಲ್ಲಿ ನಮ್ಮ ದೇಶದ ಟೀಮು ಸೋಲುತ್ತಿತ್ತು. ಗೋಲಿನ ತನಕ ಚೆಂಡು ಚೆಂದವಾಗಿ ಹೋಗುವುದು, ಅಲ್ಲಿ ಮುಟ್ಟಿದ ಮೇಲೆ ಯಾರ ಮನೆಯ ವಿಳಾಸ ಕೇಳಬೇಕೋ ತಿಳಿಯದ ಹಾಗೆ ಅಡ್ಡಾಡುವುದು.

"ಏನ್ ಮಂದಿರಿ ಇವ್ರು! ಇಷ್ಟು ದೊಡ್ಡ ದೇಶದಾಗ ಗೋಲು ಹೊಡ್ಯಾಂವ ಒಬ್ಬನರ ಬ್ಯಾಡ?" ಸಾವ್ಕಾರ್ರು ಮಿರ್ಚಿ ಹಿಡಿದ ಕೈಯಿಂದಲೇ ಟೀವಿಗೆ ಬೈದರು.

ಘಾನಾದವನು ಅಷ್ಟೊತ್ತಿಗೆ ನಮ್ಮ ಮಾತು ಸಾಕಷ್ಟು ಕಲಿತಿದ್ದ. "ಸಾವ್ಕಾರ್ರ, ನಿಮ್ಮ ದೇಶದ ದೊಡ್ಡ ದೊಡ್ಡ ಕ್ಲಬ್ಬಿನಾಗ ಗೋಲಿನ ಮುಂದ ಯಾರು ನಿಲ್ತಾರ್ರಿ?"

"ನಿಮ್ಮಂಥಾ ಹೊರಗಿನವ್ರು."

"ಗಂಗಾವತಿಯಾಗ?"

"ನೀನ."

"ಮತ್ತ ಇವಂಗ ಯಾರ್ ಕಲಸ್ಬೇಕ್ರಿ?" ಎಂದು ಟೀವಿಯಲ್ಲಿ ತಲೆ ಹಿಡಿದು ಕೂತ ನಮ್ಮ ಆಟಗಾರನನ್ನು ತೋರಿಸಿದ.

ಟಂಟಂ ಹುಡುಗ ಮಂಡಕ್ಕಿಯಲ್ಲಿ ಶೇಂಗಾ ಹುಡುಕುತ್ತಿದ್ದ. ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಹೊರಗಿನ ಆಟಗಾರರನ್ನು ಕರೆಸಿ, ಅವರ ಜೊತೆ ಆಡಿಸಿ, ಅವರಿಂದ ಕಲಿತು ಮುಂದೆ ಬಂದ ದೇಶಗಳನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಾವು ಮಾತ್ರ ಅವರನ್ನು ಕರೆಸಿ, ಜಾಗ ಬಿಟ್ಟುಕೊಟ್ಟು, ಪಕ್ಕಕ್ಕೆ ನಿಂತು ಚಪ್ಪಾಳೆ ತಟ್ಟುತ್ತೇವೆ. ಮೊದಲನೆಯವನನ್ನು ಒದಗಿಸಿದವಳು ಬೇರೆ ನಾನೇ. ಇವತ್ತಾದರೂ ಸಾವ್ಕಾರ್ರಿಗೆ ತಿಳಿಯಿತು ಅಂದುಕೊಂಡೆ. ಅವರು ಕೈಯಲ್ಲಿದ್ದ ಮಿರ್ಚಿ ಮುಗಿಸಿ ನನ್ನ ಕಿವಿಯ ಹತ್ತಿರ ಬಂದರು.

"ಖರೇ ಐತ್ರಿ ಮ್ಯಾಡಮ್ಮಾರ ಅಂವ ಹೇಳೋದು. ಅವಂಗೊಂದು ಆಧಾರ್ ಕಾರ್ಡ್ ಮಾಡಿಸಿದ್ರ ದೇಶದ ಟೀಮಿನಾಗ ಆಡ್ಲಿಕ್ಕೆ ಬರ್ತೈತೇನ್ರಿ?"

ಕೊಪ್ಪಳದ ಮೈದಾನ

ಕೊನೆಗೂ ಆ ದಿನ ಬಂತು. ಕೊಪ್ಪಳದಲ್ಲಿ ಜಿಲ್ಲೆ ಜಿಲ್ಲೆಗಳ ಪಂದ್ಯ. ರಾಜ್ಯದ ಟೀಮಿಗೆ ಆರಿಸುವವರು ಶಾಮಿಯಾನದ ಕೆಳಗೆ ಕರಿ ಕನ್ನಡಕ ಹಾಕಿಕೊಂಡು ಕೂತಿದ್ದರು. ಹೊರಗಿನವರು ಆಡುವಂತಿಲ್ಲ. ನಮ್ಮ ಜಿಲ್ಲೆಯ ಟೀಮಿಗೆ ಎಲ್ಲ ತಾಲ್ಲೂಕು ಹುಡುಕಿದರೂ ಮುಂದೆ ಆಡುವವನು ಒಬ್ಬನೇ ಸಿಕ್ಕ, ನಮ್ಮ ಟಂಟಂ ಹುಡುಗ. ಉಳಿದವರೆಲ್ಲ ಹಿಂದೆ ನಿಂತು ಪಾಸು ಕೊಡುವವರು.

"ಅಕ್ಕಾರ, ಇವತ್ತು ಹೊಡೀಲಿಲ್ಲಂದ್ರ ಮುಗೀತ್ರಿ" ಎಂದು ಬೂಟಿನ ಲೇಸು ಬಿಗಿದ. ಘಾನಾದವನು ಇವನ ಆಟ ನೋಡಲೆಂದೇ ಧಾರವಾಡದಿಂದ ಬಂದಿದ್ದ. ಚಾ ತಗೊಂಡು ಗೆರೆಯ ಪಕ್ಕದ ಬೆಂಚಿನಲ್ಲಿ ನನ್ನ ಜೊತೆ ಕೂತ.

ಒಂದು ಗೋಲು ಹಿಂದೆ ಇದ್ದೆವು. ಆಟ ಮುಗಿಯುತ್ತ ಬಂದಾಗ ಚೆಂಡು ನಮ್ಮ ಹುಡುಗನಿಗೆ ಸಿಕ್ಕಿತು. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ. ಗೋಲು ಕಾಯುವವನು ಮುಂದೆ ಬಂದು ಜಾರಿ ಬಿದ್ದ. ಈಗ ಇವನ ಮುಂದೆ ಯಾರೂ ಇಲ್ಲ, ಬರೀ ಖಾಲಿ ಗೋಲು. ಇಡೀ ಮೈದಾನ ಎದ್ದು ನಿಂತು, "ಹೊಡಿಯೋ! ಹೊಡಿಯೋ!" ಎಂದು ಕೂಗಿತು.

ಹುಡುಗ ನಿಂತ. ಕತ್ತು ತಿರುಗಿಸಿ ಸುತ್ತ ನೋಡಿದ. ಕಂಡಿತು, ಬೇಕಾದ ಮುಖ. ಕಾಲಿನ ಒಳಬದಿಯಿಂದ, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಾಜೂಕಾಗಿ, ಗೆರೆ ದಾಟಿಸಿ, ಬೆಂಚಿನಲ್ಲಿ ಕೂತವನ ಕಾಲಿಗೇ ಪಾಸು ಕೊಟ್ಟುಬಿಟ್ಟ.

ಘಾನಾದವನ ಕಾಲು ರೂಢಿಯಂತೆ ತಾನೇ ಚಾಚಿಕೊಂಡು ಚೆಂಡು ನಿಲ್ಲಿಸಿತು. ಕೈಯಲ್ಲಿನ ಚಾ ಒಂದು ಹನಿಯೂ ಚೆಲ್ಲಲಿಲ್ಲ.

"ನನಗ್ಯಾಕಣ್ಣಾ? ಗೋಲು ಆ ಕಡಿ ಐತಿ!" ಎಂದು ಅವನು ಕೂಗಿದ್ದು ಶಾಮಿಯಾನದ ತನಕ ಕೇಳಿಸಿತು.

ಸೋತೆವು. ಹುಡುಗ ಬಂದು ನೆಲದ ಮೇಲೆ ಕೂತ. "ಅಲ್ಲಿ ನಿಂತ ಮ್ಯಾಲ ಅದು ನನ್ನ ಜಾಗ ಅಂತ ಅನಸಲೇ ಇಲ್ರಿ ಅಕ್ಕಾರ" ಎಂದ. ಅವನ ಮುಖ ನೋಡಲಾಗದೆ ನನ್ನ ಚಪ್ಪಲಿ ನೋಡಿಕೊಂಡೆ. ಸಾವ್ಕಾರ್ರು ಆಗಲೇ ಗಾಡಿಗೆ ಹೋಗಿ ಗಾಜು ಏರಿಸಿ ಕೂತಿದ್ದರು.

ಅಷ್ಟರಲ್ಲಿ ಆರಿಸುವವರಲ್ಲಿ ಹಿರಿಯರೊಬ್ಬರು ಶಾಮಿಯಾನ ಬಿಟ್ಟು ನಮ್ಮ ಕಡೆಗೇ ಬರುವುದು ಕಂಡಿತು. ಹುಡುಗ ಧಡಪಡಿಸಿ ಎದ್ದು, ಅಂಗಿಯ ಮಣ್ಣು ಕೊಡವಿ, ಎದೆಯುಬ್ಬಿಸಿ ನಿಂತ. ಅವರು ಅವನ ಭುಜದ ಮೇಲೆ ಕೈ ಇಟ್ಟರು.

"ತಮ್ಮಾ, ನೀ ಇದ ಊರಿನಾಂವ ಅಲ್ಲೇನು? ಅಲ್ಲಿ ಚಾ ಕುಡಿಯಾಕ ಹತ್ತ್ಯಾನಲ್ಲ, ಕನ್ನಡಾನೂ ಛಲೋ ಮಾತಾಡಿದ, ಏನ್ ಚೆಂಡು ನಿಲ್ಲಿಸಿದಪಾ ಅಂವ! ಯಾವ ತಾಲೂಕಿನ ಹುಡುಗ?"

ಹುಡುಗ ಘಾನಾದವನನ್ನು ನೋಡಿದ, ಅವರನ್ನು ನೋಡಿದ, ನಿಧಾನಕ್ಕೆ ಎದೆ ಇಳಿಸಿದ.

"ನಮ್ಮ ಗಂಗಾವತಿ ತಾಲೂಕ ಸರ್" ಎಂದ. "ನನ್ನ ಜಾಗದಾಗ ಆಡ್ತಾನ್ರಿ."