ಕಲಗಚ್ಚಿನ ಡ್ರಮ್ಮು

ಹುಳಿ ಮಜ್ಜಿಗೆ, ಅಕ್ಕಿ ತೊಳೆದ ನೀರು, ಸೌತೆಕಾಯಿ ಸಿಪ್ಪೆ ಬೆರೆತು ಒಂದು ರಾತ್ರಿ ಕಳೆದರೆ ಬರುವ ವಾಸನೆ ರೇಣುಕಯ್ಯನ ಮೂಗಿಗೆ ಹೊಸದಲ್ಲ. ಕೊಳಾಲದಲ್ಲಿ ಅವನ ಅಜ್ಜಿಯ ಹಿತ್ತಲಿನ ಕಲ್ಲುಬಾನಿಯಿಂದ ಅದು ದಿನವೂ ತೇಲಿ ಬರುತ್ತಿತ್ತು. ಅಡುಗೆಮನೆಯಲ್ಲಿ ಉಳಿದದ್ದೆಲ್ಲ ಕಲಗಚ್ಚಾಗಿ ಬಾನಿಗೆ, ಬಾನಿಯಲ್ಲಿದ್ದದ್ದೆಲ್ಲ ಹಸುವಿನ ಹೊಟ್ಟೆಗೆ. ಆ ಮನೆಯಲ್ಲಿ ಕಸದ ಬುಟ್ಟಿ ಇದ್ದ ನೆನಪೇ ಅವನಿಗಿಲ್ಲ.

ಆ ಸೋಮವಾರ ಬೆಳಗ್ಗೆ, ಕೊರಟಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ತಾನು ನಡೆಸುವ ಹೋಟೆಲಿನ ಹಿಂಬಾಗಿಲಲ್ಲಿ ಅದೇ ವಾಸನೆ ಮೂಗಿಗೆ ಬಡಿದು, ರೇಣುಕಯ್ಯ ಕಣ್ಣು ಮುಚ್ಚಿ ನಿಂತುಬಿಟ್ಟ. ಕಣ್ಣು ಬಿಟ್ಟರೆ ಎದುರಿಗೆ ನರಸಿಂಹರಾಜು. ಊರಿನ ಹೋಟೆಲುಗಳ ಮುಸುರೆ, ಸಿಪ್ಪೆಯನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಊರಾಚೆ ಸಾಗಿಸುವವನು ಅವನೇ.

"ಸ್ವಾಮಿ, ಈ ತಿಂಗಳಿಂದ ಬಾಡಿಗೆ ಡಬ್ಬಲ್ಲು. ಡೀಸೆಲ್ ಹೆಂಗೆ ಏರೈತೆ ಅಂತ ನಿಮಗೂ ಗೊತ್ತಲ್ಲ."

ಮೊದಲೇ ದೋಸೆಯಲ್ಲಿ ಹುಟ್ಟಿದ ಲಾಭ ಕಸದಲ್ಲಿ ಕರಗುತ್ತಿತ್ತು. ಬಾಡಿಗೆ ಇಮ್ಮಡಿಯಾದರೆ ಹೋಟೆಲಿಗೆ ಬೀಗ ಹಾಕುವುದೊಂದೇ ಬಾಕಿ. ರೇಣುಕಯ್ಯನ ತಲೆಯಲ್ಲಿ ಅಜ್ಜಿಯ ಬಾನಿ ಬೆಳಗಿತು.

"ಇವತ್ತಿಂದ ನೀನು ಬರಲೇಬೇಡ ಕಣಯ್ಯ. ನಮ್ಮಲ್ಲಿನ್ನು ಕಸ ಅನ್ನೋದೇ ಇರಲ್ಲ."

ನರಸಿಂಹರಾಜು ಅವನನ್ನು ಜ್ವರ ಬಂದವರನ್ನು ನೋಡುವ ಹಾಗೆ ನೋಡಿದ. "ಆಗ್ಲಿ ಬುಡಿ. ಬೇಕಾದ್ರೆ ಫೋನ್ ಮಾಡಿ."

ರೇಣುಕಯ್ಯನಿಗೆ ಹುರುಪು ಬಂದರೆ ಬಿಸಿಯೆಣ್ಣೆಗೆ ಬಿದ್ದ ಸಾಸಿವೆಯೇ. ತೆಂಗಿನ ಚಿಪ್ಪೆಲ್ಲ ಇಸ್ತ್ರಿ ಅಂಗಡಿಯ ಚಿಕ್ಕರಂಗಯ್ಯನ ಕೆಂಡಕ್ಕೆ ಹೋಯಿತು. ಕಾಫಿ ಚರಟ ಹಿತ್ತಲಿನ ಮಲ್ಲಿಗೆ ಬುಡಕ್ಕೆ ಬಿತ್ತು. ಉಳಿದ ಅನ್ನ, ಇಡ್ಲಿ ಚೂರು, ತರಕಾರಿ ಸಿಪ್ಪೆ ತುಂಬಿಸಲು ನೀಲಿ ಡ್ರಮ್ಮೊಂದು ಬಂತು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಡ್ರಮ್ಮಿಗೆ ವಿಭೂತಿ ಬಳಿದ, ಕರ್ಪೂರ ಹಚ್ಚಿದ, ತಿಂಡಿ ತಿನ್ನುತ್ತಿದ್ದ ಗಿರಾಕಿಗಳನ್ನೂ ಎಬ್ಬಿಸಿ ತಂದು ನಿಲ್ಲಿಸಿ, ಆರತಿ ತಟ್ಟೆ ಹಿಡಿದೇ ಘೋಷಿಸಿದ:

"ಶಿವನಾಣೆಗೂ ಹೇಳ್ತೀನಿ, ಬಾಗಿಲಿಗೆ ಬಂದ ಯಾವ ಬಸವನನ್ನೂ ಬರಿಬಾಯಲ್ಲಿ ಕಳಿಸಲ್ಲ."

"ಆಣೆ ಯಾಕ್ ಬೇಕಿತ್ತು ಈಗ?" ಎಂದು ಅವನ ಹೆಂಡತಿ ಶಿವರುದ್ರಮ್ಮ ಪಿಸುಗುಟ್ಟಿದಳು.

"ಬಾಡಿಗೆ ಉಳಿಸಿದ್ದು ಯಾರು?" ಎಂದು ಅವನು ಮೀಸೆ ಸವರಿಕೊಂಡ.

ಹಿಂದಿನ ಮನೆಯ ಕರಿಬಸಮ್ಮ ತನ್ನ ಹಸು ಗೌರಿಯನ್ನು ಹಿಡಿದುಕೊಂಡು ಬಂದಳು. ಕಲಗಚ್ಚಿಗೆ ಬೂಸಾ ಬೆರೆಸಿಟ್ಟಳು. ಗೌರಿ ಡ್ರಮ್ಮಿನೊಳಗೆ ಕೊಂಬಿನವರೆಗೂ ಇಳಿದು, ತಳ ನೆಕ್ಕಿ ತಲೆ ಎತ್ತಿತು. ಹಣೆಯ ಮೇಲೊಂದು ಕರಿಬೇವಿನ ಎಸಳು. "ಪುಣ್ಯಾತ್ಮ ಕಣಪ್ಪ ನೀನು," ಎಂದ ಕರಿಬಸಮ್ಮ ಆ ಪುಣ್ಯವನ್ನು ತನ್ನಲ್ಲೇ ಇಟ್ಟುಕೊಳ್ಳದೆ, ಹಾಲಿನ ಡೈರಿಯಲ್ಲಿ ಸಿಕ್ಕವರಿಗೆಲ್ಲ ಹಂಚಿದಳು.

ಇತ್ತ ಶಿವರುದ್ರಮ್ಮನಿಗೆ ಡ್ರಮ್ಮಿಗೆ ಬಿದ್ದ ಅನ್ನ ನೋಡಿ ಹೊಟ್ಟೆ ಉರಿದಿತ್ತು. "ದಿನಾ ಇಷ್ಟೊಂದು ಎಲೆ ಮೇಲೆ ಬಿಡ್ತಿದ್ರಾ ಇವ್ರು?" ಎಂದವಳೇ ದೊಡ್ಡ ಸೌಟನ್ನು ಅಟ್ಟಕ್ಕೆ ಹಾಕಿ ಚಿಕ್ಕದನ್ನು ಇಳಿಸಿದಳು. ಮೊದಲು ಸ್ವಲ್ಪ ಬಡಿಸುವುದು, ಕೇಳಿದವರಿಗೆ ಮತ್ತೆ ಬಡಿಸುವುದು. ಮಧ್ಯಾಹ್ನದ ಊಟ ಮುಗಿದಾಗ ಎಲೆಗಳಲ್ಲಿ ಒಂದಗುಳೂ ಇರಲಿಲ್ಲ. ಡ್ರಮ್ಮಿನ ತಳದಲ್ಲಿ ಎರಡು ಬದನೆಕಾಯಿ ತೊಟ್ಟು ಒಂದಕ್ಕೊಂದು ಜೊತೆಯಾಗಿದ್ದವು.

"ನೋಡಿದ್ಯಾ, ಕಸಾನೇ ಇಲ್ಲ," ಎಂದು ರೇಣುಕಯ್ಯ ಕುಣಿಯುವುದೊಂದು ಬಾಕಿ. ತಾನೂ ಉಣ್ಣೋಣವೆಂದು ಎಲೆ ಹಾಸಿಕೊಂಡ. ಅಷ್ಟರಲ್ಲಿ ಬಾಗಿಲು ಕತ್ತಲಾಯಿತು.

ಬಾಗಿಲ ತುಂಬ ಕೊಂಬುಗಳು. ಅವುಗಳ ಹಿಂದಿನಿಂದ ಪಾವಗಡದ ಕಡೆಯ ದನದ ವ್ಯಾಪಾರಿ ಕದರಪ್ಪ ಇಣುಕಿ ತೆಲುಗಿನಲ್ಲಿ ಕುಶಲ ಕೇಳಿದ.

"ಬಾಗುನ್ನಾರಾ ಸ್ವಾಮಿ? ಆಣೆ ಮಾಡಿದೀರಂತೆ. ಡೈರಿ ತಾವ ಹೇಳಿದ್ರು."

"ಇಷ್ಟೊಂದಾ?"

"ಇವು ಮುಂದೆ ಬಂದವು. ಮಿಕ್ಕವು ದಾರೀಲಿ ಬತ್ತಾವೆ."

ಸೋಮವಾರ. ಬಾಗಿಲಲ್ಲಿ ಸಾಕ್ಷಾತ್ ಬಸವ. ಡ್ರಮ್ಮಿನಲ್ಲಿ ಬದನೆಕಾಯಿ ತೊಟ್ಟು. ರೇಣುಕಯ್ಯ ತನ್ನ ಎಲೆಯನ್ನೇ ಮುಂದೆ ನೂಕಿದ. ಮುಂದಿನ ಎತ್ತು ಅನ್ನವನ್ನೂ ಎಲೆಯನ್ನೂ ಒಟ್ಟಿಗೆ ಮುಗಿಸಿ ಸಾರು ಎಲ್ಲಿ ಎಂಬಂತೆ ನೋಡಿತು. ಸಂಜೆಯ ಪಲ್ಯಕ್ಕಿಟ್ಟ ಕೋಸು ಹೋಯಿತು. ನಾಳೆಯ ಸಾಂಬಾರಿನ ಕುಂಬಳಕಾಯಿಯೂ ಹೋಯಿತು. ಡೈರಿಯಿಂದ ಬಂದವರ ಹಸುಗಳೂ ಸೇರಿಕೊಂಡವು. ಕಾಫಿಗೆ ಬಂದ ಮೇಷ್ಟರೊಬ್ಬರು ಬಾಲಗಳ ನಡುವೆ ಸಿಕ್ಕಿ, "ರೇಣುಕಯ್ಯ, ಕ್ಯೂ ಇಲ್ಲಿಂದಲೋ?" ಎಂದು ಕೇಳಿ ಹಿಂದಕ್ಕೆ ಹೋದರು. ಉಳಿದ ಗಿರಾಕಿಗಳು ಅದನ್ನೂ ಕೇಳದೆ ದೂರದಿಂದಲೇ ತಿರುಗಿ ಹೋದರು.

"ಬಾಗಿಲು ಹಾಕ್ಬಿಡ್ಲಾ?" ಎಂದ ರೇಣುಕಯ್ಯ ಮೆಲ್ಲಗೆ.

"ಶಿವನಾಣೆ ಅಂದೋರು ನೀವೇ," ಎಂದಳು ಶಿವರುದ್ರಮ್ಮ. "ದಿನಾ ಬರ್ತಾವೆ ಇನ್ನು. ರುಚಿ ಹತ್ತೈತೆ."

ಬೇರೆ ದಾರಿ ಕಾಣದೆ ಅವನು ನರಸಿಂಹರಾಜುಗೆ ಫೋನ್ ಮಾಡಿದ.

ಟ್ರ್ಯಾಕ್ಟರು ಬಂತು, ಬೇರೆ ಹೋಟೆಲುಗಳ ಸಿಪ್ಪೆ, ಮುಸುರೆ ತುಂಬಿಕೊಂಡು. ನರಸಿಂಹರಾಜು ದನಗಳ ಸಾಲು ನೋಡಿದ, ತನ್ನ ಲೋಡು ನೋಡಿದ, ಕೊನೆಗೆ ರೇಣುಕಯ್ಯನ ಮುಖ ನೋಡಿದ.

"ದಿನಾ ಸಂಜೆ ಇಲ್ಲಿಗೇ ತಂದು ಸುರೀತೀನಿ ಸ್ವಾಮಿ. ಆಣೆ ಉಳೀತದೆ."

"ದೊಡ್ಡ ಉಪಕಾರ ಆಯ್ತು ಕಣಪ್ಪ."

"ಬಾಡಿಗೆ ಮಾತ್ರ ಬೆಳಗ್ಗೆ ಹೇಳಿದ್ದೇ. ಡಬ್ಬಲ್ಲು."

"ಅಲ್ಲಯ್ಯ, ಊರಾಚೆ ಹೋಗೋ ಡೀಸೆಲ್ ನಿಂಗೆ ಉಳೀತಲ್ಲ?"

"ಹೂಂ, ಉಳೀತು," ಎಂದು ನರಸಿಂಹರಾಜು ಮನಸಾರೆ ಒಪ್ಪಿಕೊಂಡ. "ನಿಮ್ಮ ಐಡಿಯಾ ಬಲೇ ಚೆನ್ನಾಗೈತೆ ಸ್ವಾಮಿ. ಕಸದಲ್ಲಿ ಉಳಿತಾಯ ಐತೆ ಅಂತ ನಂಗೆ ಇಷ್ಟು ದಿನ ಹೊಳೀಲೇ ಇಲ್ಲ."

ಇದುವರೆಗೆ ಕಸ ಒಯ್ಯಲು ಬಾಡಿಗೆ ಕೊಟ್ಟವನು, ಇನ್ನು ಮುಂದೆ ಕಸ ತರಿಸಲು ಕೊಡಬೇಕು. ರೇಣುಕಯ್ಯ ಹಿಂಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತ. ಒಳಗೆ ಪಾತ್ರೆಗಳೆಲ್ಲ ತೊಳೆದಿಟ್ಟಂತೆ ಖಾಲಿ. ಎದುರಿಗೆ ದನಗಳೆಲ್ಲ ನೆಮ್ಮದಿಯಾಗಿ ಮೆಲುಕು ಹಾಕುತ್ತಿದ್ದವು. ಬೆಳಗಿನಿಂದ ಬಾಯಿಗೆ ಏನೂ ಬೀಳದವನು ಅಲ್ಲಿ ಅವನೊಬ್ಬನೇ.

ಗೌರಿಯನ್ನು ಕರೆದೊಯ್ಯಲು ಬಂದ ಕರಿಬಸಮ್ಮ ಅವನ ಮುಖ ಕಂಡು, ಹಗ್ಗ ಅಲ್ಲೇ ಬಿಟ್ಟು ಮನೆಗೆ ಹೋದಳು. ಬಿಸಿ ಮುದ್ದೆ, ಹುರುಳಿ ಸಾರಿನ ಬಟ್ಟಲನ್ನು ದನಗಳ ಕಣ್ಣಿಗೆ ಬೀಳದಂತೆ ಸೆರಗಿನಡಿ ಮರೆಮಾಡಿಕೊಂಡು ತಂದು, ಸದ್ದಿಲ್ಲದೆ ಅವನ ಕೈಗಿಟ್ಟಳು.