ಕಿಬ್ಬನಹಳ್ಳಿ ಕ್ರಾಸಲ್ಲಿ ಕೊರಿಯಾ ಊಟ

ನಮ್ಮನೇಲಿ ಹೊಸದೇನಾದ್ರೂ ಬೇಯ್ಸಕ್ಕೆ ಹೋದ್ರೆ ಒಲೆಗಿಂತ ಮೊದ್ಲು ಮನೆಯವ್ರೇ ಉರಿಯಕ್ಕೆ ಶುರು ಮಾಡ್ತಾರೆ. ಬಿ.ಎ. ಅರ್ಧಕ್ಕೆ ಬಿಟ್ಟು, ಚೆನ್ನೈ ಕಡೆ ಕೊರಿಯಾದೋರಿದ್ದ ಗೆಸ್ಟ್ ಹೌಸಲ್ಲಿ ಸ್ವಲ್ಪ ದಿನ ತರಕಾರಿ ಹೆಚ್ಕೊಂಡಿದ್ದೆ. ವಾಪಸ್ ಬಂದೋನು, "ಕ್ರಾಸಲ್ಲಿ ನಮ್ದು ಖಾಲಿ ರೂಮೈತಲ್ಲ, ಅಲ್ಲಿ ಕೊರಿಯಾ ಹೋಟ್ಲು ಇಡ್ತೀನಿ" ಅಂದೆ.

"ಯಾರಾದ್ರೂ ಒಬ್ರು ತಿಂದು ಮೆಚ್ಲಿ. ಬೀಗದ್ಕೈ ನಿಂದೇ" ಅಂದ ಅಪ್ಪ.

ಒಬ್ರು! ಎಷ್ಟು ಸಲೀಸು ಅನ್ಕೊಂಡಿದ್ದೆ.

ಎಮ್ಮೆ

ಎಲೆಕೋಸಿಗೆ ಉಪ್ಪು, ಬ್ಯಾಡಗಿ ಖಾರ, ಬೆಳ್ಳುಳ್ಳಿ, ಶುಂಠಿ ಹಚ್ಚಿ ಜಾಡೀಲಿ ಹುಳಿ ಬರಕ್ಕಿಟ್ಟೆ. ಕಿಮ್ಚಿ ಅಂತಾರೆ. ಒಂದಿನ ತಿಪಟೂರಿಗೆ ಹೋಗಿ ಬಂದ್ರೆ ಜಾಡಿ ತೊಳ್ದು ಬಿಸಿಲಿಗೆ ಬೋರಲು ಹಾಕೈತೆ.

"ಅವ್ವ, ಇದ್ರಾಗಿದ್ದಿದ್ದು?"

"ಕೊಳ್ತೋಗಿತ್ತು ಕಣೋ. ಎಮ್ಮೆಗಾಕ್ದೆ."

ಕೊಟ್ಟಿಗೆಗೆ ಓಡ್ದೆ. ಎಮ್ಮೆ ಕಲಗಚ್ಚಿನ ಬಾನೀನೆಲ್ಲಾ ನೆಕ್ಕಿ, ಇನ್ನೂ ಐತಾ ಅಂತ ನನ್ ಕೈನೂ ನೆಕ್ತು.

"ನೋಡಪ್ಪ, ಮೆಚ್ಚೈತೆ!"

"ಹಂಗಾದ್ರೆ ಕೊಟ್ಟಿಗೇಲೇ ಹೋಟ್ಲು ಇಡು" ಅಂದ ಅಪ್ಪ.

ತಾತ

ಮಧ್ಯೆ ಅನ್ನ, ಸುತ್ತ ಕ್ಯಾರೆಟ್ಟು, ಸೊಪ್ಪು, ಸೌತೆಕಾಯಿ ಗುಡ್ಡೆ ಗುಡ್ಡೆ, ಮೇಲೆ ಹುರಿದ ಎಳ್ಳು. ಬಿಬಿಂಬಾಪ್. ತಿನ್ನೋರೇ ಖಾರ ಹಾಕ್ಕೊಂಡು ಕಲಸ್ಕೋಬೇಕು. ಅಜ್ಜಿ ಮುಂದೆ ಇಟ್ಟು, ಖಾರ ತರಕ್ಕೆ ಒಳಗೆ ಹೋಗಿ ಬರೋಷ್ಟ್ರಲ್ಲಿ ತಟ್ಟೆ ಸತ್ತೋದ ತಾತನ ಫೋಟೊ ಮುಂದೆ! ಊದುಬತ್ತಿ ಬೇರೆ.

"ಇದೇನಜ್ಜಿ?"

"ಅನ್ನದ ಮೇಲೆ ಎಳ್ಳಾಕಿದ್ದೀಯ, ಎಲ್ಲಾ ಒಂದೊಂದ್ ಚೂರು ಬಡ್ಸಿದ್ದೀಯ. ಎಡೆ ಅಲ್ದೆ ಇನ್ನೇನ್ಲಾ? ಓದು ಬಿಟ್ರೂ ಸೈ, ತಾತನ್ ನೆಪ್ಪೈತಲ್ಲ ನಿಂಗೆ" ಅಂತ ಕಣ್ಣೊರೆಸ್ಕೊಂಡ್ಳು.

ನಾನೂ ಕೈಮುಗ್ದೆ. ತಾತ ಮಾತ್ರ ರುಚಿ ಬಗ್ಗೆ ಏನೂ ಅನ್ಲಿಲ್ಲ.

ಸಾಹುಕಾರ್ರು

ಕೊನೇ ಆಸೆ. ಕ್ರಾಸಿನ ಆ ರೂಮನ್ನ ಬಾಡಿಗೆಗೆ ಕೇಳ್ತಿದ್ದ ಕೊಬ್ರಿ ಸಾಹುಕಾರ್ರನ್ನ, ಅವರ ಭಾವಮೈದನ್ನ ಅಪ್ಪ ಅಲ್ಲಿಗೇ ಊಟಕ್ಕೆ ಕರೆದ. ನಡುವೆ ಕರಟದ ಕೆಂಡ, ಮೇಲೆ ಕಾವಲಿ, ಸುತ್ತ ಎಲ್ರಿಗೂ ಎಲೆ. ಕಾವಲಿ ಮೇಲೆ ಅಣಬೆ, ಬದನೇಕಾಯಿ ಜೋಡ್ಸಿ, "ಬೆಂದಂಗೆ ಬೆಂದಂಗೆ ಅವರವ್ರೇ ಎತ್ಕೊಂಡು ತಿನ್ಬೇಕು" ಅಂದೆ. ಅಣಬೆ ಚುಂಯ್ ಅಂತು.

"ಎತ್ಕೊಳ್ಳಿ ಸಾಹುಕಾರ್ರೆ" ಅಂದ ಅಪ್ಪ.

"ಉಂಟೇನ್ರೀ? ಯಜಮಾನ್ರು ನೀವು ಮೊದ್ಲು."

"ಕರ್ದೋನು ನಾನು, ಮೊದ್ಲು ತಿನ್ನಕ್ಕಾಯ್ತದಾ? ನಿಮ್ ಭಾವಮೈದ ತಗೊಳ್ಲಿ."

"ದೊಡ್ಡೋರ್ ಮುಂದೆ ನಾನಾ? ಬುಡಿ ಬುಡಿ" ಅಂದ ಆ ಪುಣ್ಯಾತ್ಮ.

ಬಡಿಸ್ದೆ ತಿಂದು ಗೊತ್ತಿಲ್ದ ಜನ. ನಾನೇ ಒಂದೊಂದ್ ಪೀಸು ಎತ್ತಿ ಎಲೆಗೆ ಹಾಕಿದ್ರೆ ಮುಗೀತಿತ್ತು. ಆದ್ರೆ ನಮ್ದು ಅಪ್ಪಟ ಕೊರಿಯಾ ಪದ್ಧತಿ ನೋಡಿ, ಕೈ ಕಟ್ಕೊಂಡು ನಿಂತಿದ್ದೆ. ಈಗ್ಲೂ ನೆನೆಸ್ಕೊಂಡ್ರೆ ಹೊಟ್ಟೆ ಉರೀತದೆ. ಇವ್ರ ಮರ್ಯಾದೆ ಮುಗಿಯೋ ಹೊತ್ಗೆ ಅಣಬೆ ಇದ್ಲಾಗಿ, ರೂಮೆಲ್ಲಾ ಹೊಗೆ.

ಸಾಹುಕಾರ್ರು ಕೆಮ್ತಾ ಕೆಮ್ತಾ ಮೇಲೆ ನೋಡಿದ್ರು. ಖಾಲಿ ಅಟ್ಟ, ಸಂದಿ ಸಂದೀಲಿ ಹೊಗೆ. ನಮ್ ಕಡೆ ತೆಂಗಿನಕಾಯ್ನ ಅಟ್ಟದ ಮೇಲೆ ಹರವಿ, ಕೆಳಗಿಂದ ಹೊಗೆ ಹಾಕಿ ಕೊಬ್ರಿ ಮಾಡೋದುಂಟು.

"ಹೊಗೆ ಎಷ್ಟು ಹದವಾಗಿ ಏರ್ತಾ ಐತೆ ನೋಡಿ ಯಜಮಾನ್ರೆ! ನಾಳೆಯಿಂದ್ಲೇ ಕಾಯಿ ತುಂಬ್ಸ್ತೀನಿ" ಅಂದ್ರು.

ಅಪ್ಪ ಬೀಗದ್ಕೈ ಅವ್ರ ಕೈಗಿಟ್ಟ. ನನ್ ಮುಖ ನೋಡಿ ಸಾಹುಕಾರ್ರಿಗೆ ಪಾಪ ಅನ್ನಿಸ್ತೇನೋ, ಬೆನ್ನು ತಟ್ಟಿದ್ರು:

"ಬೇಜಾರಾಗ್ಬ್ಯಾಡ ಕಣಪ್ಪ. ಹೊಗೆ ಹಾಕಕ್ಕೆ ನಿನ್ನೇ ಇಟ್ಕೋತೀನಿ. ಕೊರಿಯಾದೋರು ಒಳ್ಳೆ ಕೆಲ್ಸ ಕಲ್ಸವ್ರೆ!"