ಲಗ್ನಪತ್ರಿಕೆಯ ಮೂರನೇ ಹೆಸರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಲಗ್ನಪತ್ರಿಕೆ ಅಚ್ಚು ಹಾಕಿಸಿ ನೋಡಿರಲಿಲ್ಲವೆಂದು ಕಾಣುತ್ತದೆ. ನೋಡಿದ್ದರೆ ಮೊದಲೆರಡನ್ನು ಹೇಳುವ ಗೋಜಿಗೇ ಹೋಗುತ್ತಿರಲಿಲ್ಲ. ನಮ್ಮ ಮಂಡ್ಯದ ಕಡೆ ಪತ್ರಿಕೆಯಲ್ಲಿ ವಧೂವರರ ಹೆಸರು ಎಷ್ಟು ಚಿಕ್ಕದಿದ್ದರೂ ಯಾರೂ ಕೇಳುವುದಿಲ್ಲ. ಕೆಳಗೆ ‘ತಮ್ಮ ಆಗಮನ ಬಯಸುವವರು’ ಎಂದಿರುತ್ತದಲ್ಲ, ಅಲ್ಲಿ ಯಾರ ಹೆಸರು ಯಾರ ಮೇಲೆ ಕೂತಿದೆ ಎಂಬುದೇ ಮುಖ್ಯ. ಮದ್ದೂರಿನ ನಮ್ಮ ಸೋದರಮಾವ ಒಬ್ಬರು, ಹೆಸರು ಒಂದು ಸಾಲು ಕೆಳಗಿಳಿದದ್ದಕ್ಕೆ ಮದುವೆಗೆ ಬಂದೂ ಊಟ ಮಾಡದೆ ಹೋಗಿದ್ದರು. ಹೋಗುವಾಗ ಎಲೆ ಅಡಿಕೆ ಮಾತ್ರ ತೆಗೆದುಕೊಂಡರು.

ಅಣ್ಣನ ಮಗಳ ಮದುವೆ ಗೊತ್ತಾದಾಗ ಪತ್ರಿಕೆಯ ಕೆಲಸ ನನ್ನ ತಲೆಗೆ ಬಂತು. ಮನೆಯಲ್ಲೊಂದು ಕಂಪ್ಯೂಟರ್ ಇಟ್ಟುಕೊಂಡದ್ದೇ ತಪ್ಪು. ಕೆರಗೋಡಿನ ದೊಡ್ಡಪ್ಪನವರ ಯಜಮಾನಿಕೆಯಲ್ಲಿ ನಾಲ್ಕು ಭಾನುವಾರ ಮಾತುಕತೆ ನಡೆಯಿತು. ಇಬ್ಬರು ಸಿಟ್ಟಿನಿಂದ ಎದ್ದು ಹೋದರು, ಅವರನ್ನು ಕರೆತರಲು ಹೋದವನೂ ಮುನಿಸಿಕೊಂಡ. ಅಂತೂ ಕೊನೆಗೆ ಹೆಸರುಗಳ ಸಾಲಿಗೆ ಎಲ್ಲರೂ ಒಪ್ಪಿದರು. ನನ್ನದು ಹನ್ನೊಂದನೆಯದು. ನಾನೂ ನಗುನಗುತ್ತಲೇ ಒಪ್ಪಿದೆ. ಗೀಚಿದ ಹಾಳೆಗಳೆಲ್ಲ ಇನ್ನು ಯಾತಕ್ಕೆಂದು ನಾನೇ ಹಂಡೆಯ ಒಲೆಗೆ ಹಾಕಿದೆ. ಮಾರನೆಯ ದಿನ ಇನ್ನೇನು ಪ್ರೆಸ್ಸಿಗೆ ಕೊಡಬೇಕು, ಕರೆಂಟು ಹೋಗಿ ಬಂತು, ಮತ್ತೆ ಹೋಗಿ ಬಂತು. ಕಂಪ್ಯೂಟರ್ ಮಾತ್ರ ಹೋದದ್ದು ಬರಲಿಲ್ಲ.

“ಇನ್ನೊಂದ್ಸಲ ಅವ್ರನ್ನೆಲ್ಲ ಕೂರ್ಸುದ್ರೆ ಮದ್ವೇನೆ ನಿಂತೋಯ್ತದೆ ಕಣ್ಲಾ” ಎಂದು ದೊಡ್ಡಪ್ಪ ಮೊದಲ ಬಸ್ಸಿಗೇ ಮಂಡ್ಯಕ್ಕೆ ಬಂದುಬಿಟ್ಟರು. ಇಬ್ಬರೂ ಕಂಪ್ಯೂಟರನ್ನು ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯ ಶೋಭಮ್ಮ ಹಾರ್ಡ್ ಡಿಸ್ಕ್ ಬಿಚ್ಚಿ, ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ, ಬಹಳ ಹೊತ್ತು ಹುಡುಕಿದರು.

“ಡಿಸ್ಕು ಅರ್ಧ ಕೆಟ್ಟದೆ ಸಾರ್, ಫೈಲು ಓಯ್ತು. ಆದ್ರೆ ನೀವು ಟೈಪ್ ಮಾಡ್ವಾಗ ನಿಮ್ಗೆ ಗೊತ್ತಿಲ್ದಂಗೆ ಅದೇ ಆಗಾಗ ಒಂದೊಂದು ಕಾಪಿ ಎತ್ತಿಟ್ಕಂಡಿರ್ತದೆ. ಅವು ಉಳ್ಕಂಡವೆ” ಎಂದರು.

ನಾನು ಕುಣಿದಾಡಬೇಕಿತ್ತು. ಅದರ ಬದಲು ಪರದೆಗೆ ಅಡ್ಡ ನಿಂತೆ. “ಯಾವ್ದಾದ್ರೂ ಒಂದ್ ಕೊಡಿ ಸಾಕು, ಹಳೇದೇ ಇರ್ಲಿ” ಎಂದೆ.

“ಹಳೇದ್ಯಾಕ್ಲಾ? ಕಡೇದ್ನೇ ತಗಿಯವ್ವ” ಎಂದು ದೊಡ್ಡಪ್ಪ ಕನ್ನಡಕ ಏರಿಸಿದರು.

ಕಡೆಯ ಎರಡು ಕಾಪಿಗಳು ಅಕ್ಕಪಕ್ಕ ತೆರೆದುಕೊಂಡವು. ಒಂದು ಭಾನುವಾರ ಸಂಜೆ ಐದು ಗಂಟೆಯದು, ಎಲ್ಲರೂ ಒಪ್ಪಿದ್ದು. ಇನ್ನೊಂದು ಆರೂವರೆಯದು, ಎಲ್ಲರೂ ಹೋದ ಮೇಲಿನದು. ಅದರಲ್ಲಿ ಹನ್ನೊಂದನೆಯ ಹೆಸರು ಮೂರಕ್ಕೆ ಹತ್ತಿ ಕೂತಿತ್ತು. ಯಾರಾದರೂ ಕೇಳಿದರೆ ಪ್ರೆಸ್ಸಿನವರ ತಪ್ಪು ಎಂದು ಹೇಳುವುದೆಂದೂ ನಿಶ್ಚಯಿಸಿಕೊಂಡಿದ್ದೆ.

ದೊಡ್ಡಪ್ಪ ಬೆರಳಿಟ್ಟು ಎರಡು ಸಲ ಎಣಿಸಿದರು. “ಕರೆಂಟು ಓಗಿ ಬಂದ್ರೆ ಎಸ್ರು ಮೇಲಕ್ಕತ್ತದೇನವ್ವ?”

“ಇಲ್ಲ ತಾತ, ಯಾರಾದ್ರೂ ಅತ್ತುಸ್ಬೇಕು.”

ದೊಡ್ಡಪ್ಪ ನನ್ನ ಮುಖ ನೋಡಲಿಲ್ಲ. ಐದು ಗಂಟೆಯ ಕಾಪಿಯನ್ನೇ ಪ್ರೆಸ್ಸಿಗೆ ಕೊಡಿಸಿದರು. ಆಮೇಲೆ ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ. ಎಂಥ ದೊಡ್ಡ ಮನಸ್ಸು ಎಂದು ನಾನು ಒಳಗೊಳಗೇ ಕೈಮುಗಿದೆ. ಮದುವೆ ಸುಸೂತ್ರವಾಗಿ ಮುಗಿಯಿತು. ಬೀಗರೂಟದ ದಿನ ಮೊದಲ ಪಂಕ್ತಿಗೆ ಎಲೆ ಹಾಕಿದರು. ಹಿರಿಯರು ಕೂರಲಿ ಎಂದು ನಾನು ಸಂಭಾವಿತನಂತೆ ಕಂಬದ ಪಕ್ಕ ನಿಂತಿದ್ದೆ. ನೆಂಟರಿಷ್ಟರೆಲ್ಲ ತಿರುಗಿ ನೋಡುವಂತೆ ದೊಡ್ಡಪ್ಪ ಕೂಗಿದರು: “ಅಲ್ಯಾಕ್ಲಾ ನಿಂತಿದ್ದೀಯ? ಬಾರ್ಲಾ, ಮೂರ್ನೇ ಎಲೆ ನಿಂದೇ!”

ನನಗೆ ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಹೋಗಿ ಕೂತೆ.